ಗುಂಡವ್ವನ ಬಲಗೈ

ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ನಾನು ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಬರಣಿಯಲ್ಲಿ ಹಾಕಿಡುತ್ತೇನೆ. ಬೇರೆಯವರ ಸಿಟ್ಟು ಮೂರು ದಿನಕ್ಕೆ ಹಳಸಿಹೋಗುತ್ತದೆ, ನನ್ನದು ಹಳತಾದಷ್ಟೂ ಹದವಾಗುತ್ತದೆ. ಈಗ ಮುಚ್ಚಳ ತೆಗೆಯುತ್ತಿರುವ ಬರಣಿ ಇಪ್ಪತ್ತನಾಲ್ಕು ವರ್ಷ ಹಳೆಯದು. ಕಾರಣ ಕೇಳಿದರೆ ನಗುತ್ತೀರಿ, ನಗಿ, ಬೇಡವೆನ್ನುವುದಿಲ್ಲ. ನನ್ನ ಅಣ್ಣ ನನ್ನ ರೋಬೋಟಿನ ಬಲಗೈ ಕಿತ್ತುಕೊಂಡಿದ್ದಾನೆ, ಇನ್ನೂ ವಾಪಸು ಕೊಟ್ಟಿಲ್ಲ.

ನನಗಾಗ ಹನ್ನೆರಡು, ಅಣ್ಣ ಪ್ರಸಾದನಿಗೆ ಹದಿನಾರು. ಅಪ್ಪನ ಸರಕಾರಿ ಕಚೇರಿ ನಾಂಪಲ್ಲಿಯಲ್ಲಿತ್ತು. ಜನವರಿಯಲ್ಲಿ ಅಲ್ಲಿ ನಡೆಯುವ ನುಮಾಯಿಷ್ ಎಂಬ ದೊಡ್ಡ ವಸ್ತುಪ್ರದರ್ಶನಕ್ಕೆ ನಾವು ತಪ್ಪದೆ ಹೋಗುತ್ತಿದ್ದೆವು. ಆ ವರ್ಷ ಅವ್ವ ಬರಣಿ ಆರಿಸುವಷ್ಟರಲ್ಲಿ ನಾವಿಬ್ಬರೂ ಅಪ್ಪನನ್ನು ಫಾರಿನ್ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದೆವು. “ಬಚ್ಚೋಂ ಕಾ ದಿಮಾಗ್ ತೇಜ್ ಹೋತಾ ಸಾಬ್” ಎಂದ ಅಂಗಡಿಯವನು. ಮಕ್ಕಳ ಬುದ್ಧಿ ಚುರುಕಾಗುತ್ತದೆ ಅಂದರೆ ಸಾಕು, ಅಪ್ಪ ಯಾವುದಕ್ಕೂ ತಯಾರು. ಅಂಗೈಯಗಲದ ಎರಡು ಹಳೆಯ ಆಟದ ಯಂತ್ರ, ಅವುಗಳ ಬೆನ್ನಿಗೆ ಸಿಕ್ಕಿಸುವ ಎರಡು ಕ್ಯಾಸೆಟ್, ಒಂದಕ್ಕೊಂದು ಜೋಡಿಸಲು ಒಂದು ವೈರು ಮನೆಗೆ ಬಂದವು. ಆಟ ಜಪಾನಿನದು, ಪರದೆಯ ತುಂಬ ಜಪಾನಿ ಅಕ್ಷರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬದುಕುತ್ತಿದ್ದ ನಮಗೆ ಇನ್ನೊಂದು ಭಾಷೆ ಬಾರದಿರುವುದು ದೊಡ್ಡ ತೊಂದರೆ ಅನಿಸಲಿಲ್ಲ. ಒತ್ತಿ ಒತ್ತಿಯೇ ಕಲಿತೆವು.

ಆಟ ಸರಳವಾದದ್ದು. ನಿಮಗೊಂದು ರೋಬೋಟು ಇರುತ್ತದೆ. ಅದಕ್ಕೆ ತಲೆ, ಎರಡು ಕೈ, ಕಾಲು. ಎಲ್ಲವನ್ನೂ ಬಿಚ್ಚಿ ಬೇರೆಯದು ಹಾಕಬಹುದು. ಊರೂರು ತಿರುಗಿ ಎದುರಾದವರ ಜತೆ ಹೊಡೆದಾಡಬೇಕು. ಗೆದ್ದವರು ಸೋತವರ ಮೈಯಿಂದ ಒಂದು ಭಾಗ ಆರಿಸಿಕೊಂಡು ಹೋಗಬಹುದು. ಇದರ ಮೇಲೆ ಇನ್ನೊಂದು ನಿಯಮವಿತ್ತು. ರೋಬೋಟುಗಳ ಒಳಗಿನ ಚೌಕಟ್ಟಿನಲ್ಲಿ ಗಂಡು, ಹೆಣ್ಣು ಎಂದು ಎರಡು ಬಗೆ. ಹೆಣ್ಣಿನ ಭಾಗ ಗಂಡಿಗೆ ಕೂರದು, ಗಂಡಿನದು ಹೆಣ್ಣಿಗೆ ಕೂರದು. ಕೂರಿಸಲು ಹೋದರೆ ಯಂತ್ರ ಮೂಗಿನಲ್ಲಿ ಗೊಣಗಿದ ಹಾಗೆ ಒಂದು ಸದ್ದು ಮಾಡುತ್ತಿತ್ತು. ಭಾರದ ಆಯುಧಗಳಲ್ಲಿ ಹೆಚ್ಚಿನವು ಗಂಡಿನ ಪಾಲಿಗೇ ಬಂದಿದ್ದವು. ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಒಳಗೆ ಉರುಳಿಸಿಕೊಂಡು ಬರುತ್ತಿದ್ದ ನಮ್ಮವ್ವನನ್ನು ಆ ಜಪಾನಿನವರು ನೋಡಿರಲಿಲ್ಲ. ಇದರ ಬಗ್ಗೆಯೂ ನನಗೆ ಸಿಟ್ಟಿದೆ, ಆದರೆ ಅದು ಬೇರೆ ಬರಣಿ.

ನನ್ನದು ಹೆಣ್ಣು ರೋಬೋಟು. ಅದರ ಜಪಾನಿ ಹೆಸರು ಓದಲು ಬರದ ಕಾರಣ ನಾನು ಗುಂಡವ್ವ ಎಂದು ಕರೆದೆ. ಹೆಣ್ಣಿಗೆ ಹೊಂದುವ ಭಾರದ ಆಯುಧ ಆಟದಲ್ಲಿ ನಾನು ಕಂಡಂತೆ ಒಂದೇ ಒಂದು, ಒನಕೆಯಂಥ ಒಂದು ಬಲಗೈ. ಅದನ್ನು ಎತ್ತಲು ಗುಂಡವ್ವನಿಗೆ ಬಹಳ ಹೊತ್ತು ಹಿಡಿಯುತ್ತಿತ್ತು, ಆದರೆ ಬಿದ್ದರೆ ಒಂದೇ ಏಟಿಗೆ ಎದುರಾಳಿಯ ತಲೆ ಹಾರುತ್ತಿತ್ತು. ಆ ಕೈಗಾಗಿ ನಾನು ಒಂದು ಇಡೀ ಬೇಸಿಗೆ ರಜೆ ಒಬ್ಬ ಮೀಸೆಯ ಎದುರಾಳಿಯ ಬೆನ್ನು ಬಿದ್ದಿದ್ದೆ. ಕೊನೆಗೆ ಸಿಕ್ಕಿತು. ಅಷ್ಟು ಸಂತೋಷ ಮುಂದೆ ವಕೀಲಿ ಸನದು ಸಿಕ್ಕಾಗಲೂ ಆಗಲಿಲ್ಲ.

ಮಾರನೆಯ ದಿನವೇ ಅಣ್ಣ ವೈರು ತಂದು ಜೋಡಿಸಿದ. ಅವನ ಪೈಲ್ವಾನನೂ ನನ್ನ ಗುಂಡವ್ವನೂ ಎದುರುಬದುರು ನಿಂತರು. ಅರ್ಧ ಆಟದಲ್ಲಿ ನಾನೇ ಮುಂದಿದ್ದೆ. ಆಗ ಅಡುಗೆಮನೆಯ ಆಚೆ ಬಟ್ಟೆ ಒಣಹಾಕುತ್ತಿದ್ದ ಅವ್ವ ಕೂಗಿದಳು: “ಪಲ್ಲೂ, ಹಾಲು ಉಕ್ಕಾಕತ್ತೈತಿ ನೋಡ!” ಒಲೆಗೆ ಹತ್ತಿರ ಕೂತವನು ಅಣ್ಣ. ಆದರೂ ಹಾಲು ನೋಡಬೇಕಾದವಳು ನಾನು. ಓಡಿಹೋಗಿ ಗ್ಯಾಸ್ ಆರಿಸಿ ಬರುವಷ್ಟರಲ್ಲಿ ಗುಂಡವ್ವ ನೆಲಕ್ಕೆ ಬಿದ್ದಿದ್ದಳು. ಅಣ್ಣ ತನ್ನ ಬಟನ್‌ಗಳನ್ನು ಒತ್ತಿದ್ದಲ್ಲದೆ, “ಸುಮ್ನ ಯಾಕ ಕಾಯೂದು ಅಂತ ನಿಂದೂ ನಾನ ಒತ್ತಿದೆ” ಎಂದ. ಎರಡೂ ಕಡೆಯ ವಕಾಲತ್ತು ಒಬ್ಬನದೇ! ಆಮೇಲೆ ಶಾಂತವಾಗಿ ನನ್ನ ಬಲಗೈ ಆರಿಸಿಕೊಂಡ.

ಕೇಳಿ, ಅವನ ಪೈಲ್ವಾನ ಗಂಡು. ಆ ಕೈ ಅವನಿಗೆ ಕೂರುವುದೇ ಇಲ್ಲ. ಕೂರದ ಕೈಯನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟ. ನಾನು ಅತ್ತೆ, ಊಟ ಬಿಟ್ಟೆ, ಅವ್ವನ ಮುಂದೆ ದೂರು ಇಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟಳು: “ಇರ್ಲಿ ಬಿಡವಾ. ನಿಮ್ಮಣ್ಣ ಅಲ್ಲೇನು?”

ಈ ‘ಇರ್ಲಿ ಬಿಡು’ ಎಂಬ ಮಾತನ್ನು ನಾನು ಬಹಳ ಅಭ್ಯಾಸ ಮಾಡಿದ್ದೇನೆ. ಕಳೆದುಕೊಂಡವರಿಗೆ ಮಾತ್ರ ಇದನ್ನು ಹೇಳುತ್ತಾರೆ, ತೆಗೆದುಕೊಂಡವರಿಗೆ ಯಾರೂ ಹೇಳುವುದಿಲ್ಲ. ಕಾನೂನು ಓದುವಾಗ ಕಳ್ಳತನದ ಪಾಠಕ್ಕೆ ಬಂದ ದಿನ ನಾನು ಬೆಂಚಿನ ತುದಿಗೆ ಬಂದು ಕೂತಿದ್ದೆ. ಕಳ್ಳನಿಗೆ ಲಾಭವೇ ಆಗಬೇಕೆಂದಿಲ್ಲ, ಕಳೆದುಕೊಂಡವರಿಗೆ ನಷ್ಟ ಮಾಡುವ ಉದ್ದೇಶವಿದ್ದರೂ ಸಾಕು ಎಂದು ಮೇಷ್ಟ್ರು ಹೇಳಿದಾಗ ಅಣ್ಣ ಜೈಲಿಗೆ ಹೋದಷ್ಟು ಸಮಾಧಾನವಾಯಿತು. ಮುಂದಿನ ವಾರ ಕಾಲಮಿತಿಯ ಪಾಠ ಬಂತು. ಇಂಥ ವಸ್ತುವಿಗೆ ಮೂರು ವರ್ಷದೊಳಗೆ, ಆಗ ಅಪ್ರಾಪ್ತರಾಗಿದ್ದರೆ ಹದಿನೆಂಟು ತುಂಬಿದ ಮೂರು ವರ್ಷದೊಳಗೆ, ದಾವೆ ಹೂಡಬೇಕಂತೆ. ಅಷ್ಟರಲ್ಲಿ ನನಗೆ ಇಪ್ಪತ್ತೆರಡಾಗಿತ್ತು.

ಈಗ ನಾನು ಮಣಿಕೊಂಡದಲ್ಲಿದ್ದೇನೆ. ಅಣ್ಣ ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತಾನೆ. ಅವ್ವ ಅವನ ಮನೆಯಲ್ಲಿದ್ದಾಳೆ. ಹೋದ ತಿಂಗಳು ಕಪಾಟು ಸ್ವಚ್ಛ ಮಾಡುವಾಗ ನನ್ನ ಆಟದ ಯಂತ್ರ ಸಿಕ್ಕಿತು. ರಿಪೇರಿಗೆ ಒಯ್ದರೆ ಅಂಗಡಿಯವನು ಹೇಳಿದ: “ಲೋಪಲ ಚಿನ್ನ ಬ್ಯಾಟರಿ ಉಂಟುಂದಿ ಮೇಡಂ. ಅದಿ ಪೋತೇ ಅಂತಾ ಪೋತುಂದಿ.” ಕ್ಯಾಸೆಟ್ಟಿನ ಒಳಗೆ ಒಂದು ಪುಟ್ಟ ಬ್ಯಾಟರಿ, ಆಡಿದ್ದೆಲ್ಲ ಅದರ ಜೀವದ ಮೇಲೆ ಉಳಿದಿರುತ್ತದೆ, ಅದು ಸತ್ತರೆ ಎಲ್ಲವೂ ಹೋಯಿತು. ನನ್ನ ಕ್ಯಾಸೆಟ್ ಪುಣ್ಯಕ್ಕೆ ಬದುಕಿತ್ತು. ಗುಂಡವ್ವ ಕಡ್ಡಿಯಂಥ ಸಾದಾ ಬಲಗೈ ಹಾಕಿಕೊಂಡು ಹಾಗೆಯೇ ನಿಂತಿದ್ದಳು. ಅವಳ ನಿಜವಾದ ಕೈ ದಿಲ್‌ಸುಖ್‌ನಗರದ ಯಾವುದೋ ಡಬ್ಬಿಯಲ್ಲಿ ಕೊನೆಯುಸಿರು ಎಳೆಯುತ್ತಿರಬಹುದು.

ಭಾನುವಾರ ಬೆಳಿಗ್ಗೆ ಹೊರಟೆ. ಆಟೋ, ಆಮೇಲೆ ಮೆಟ್ರೋ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗಿನ ನೂಕುನುಗ್ಗಲು. ಕೇಸ್ ಫೈಲ್ ಒಯ್ಯುವ ಚೀಲದಲ್ಲಿ ಯಂತ್ರ, ವೈರು, ಹೊಸ ಸೆಲ್ಲು. ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲು ತೆಗೆದಳು. ಅಣ್ಣ ಹೊಸದಾಗಿ ಬಂದ ಚಾಳೀಸನ್ನು ಮೂಗಿನ ತುದಿಗೆ ಇಳಿಸಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದ.

“ನನ್ನ ಕೈ ಕೊಡು” ಎಂದೆ.

“ಯಾವ ಕೈ? ಪಲ್ಲೂ, ಹುಚ್ಚಗಿಚ್ಚ ಹಿಡದೈತೇನ ನಿನಗ?” ಎಂದ. ಅವನಿಗೆ ನೆನಪೇ ಇಲ್ಲ! ಇಪ್ಪತ್ತನಾಲ್ಕು ವರ್ಷ ನಾನೊಬ್ಬಳೇ ಈ ಜಗಳ ಆಡುತ್ತಾ ಬಂದಿದ್ದೇನೆ. ಅದಕ್ಕಿಂತ ದೊಡ್ಡ ಅವಮಾನ ಯಾವುದಿದೆ ಹೇಳಿ.

ಹಳೆಯ ಚಾರ್ಜರುಗಳ ಡಬ್ಬಿಯ ತಳದಲ್ಲಿ ಅವನ ಕ್ಯಾಸೆಟ್ ಸಿಕ್ಕಿತು. ಊದಿ, ಒರೆಸಿ, ನನ್ನ ಯಂತ್ರಕ್ಕೆ ಸಿಕ್ಕಿಸಿದೆ. ಪರದೆ ಬೆಳಗಿತು, ಸಂಗೀತ ಬಂತು. ನನಗೆ ಇವತ್ತಿಗೂ ಜಪಾನಿ ಬಾರದು, ಸಾಲು ಎಣಿಸಲು ಬರುತ್ತದೆ. ಹಳೆಯ ಆಟ ಉಳಿದಿದ್ದರೆ ಮೊದಲ ಪುಟದಲ್ಲಿ ಎರಡು ಸಾಲು ಇರುತ್ತವೆ. ಅಲ್ಲಿದ್ದುದು ಒಂದೇ ಸಾಲು. ಬ್ಯಾಟರಿ ಸತ್ತಿತ್ತು, ಪೈಲ್ವಾನ, ಅವನ ಪೆಟ್ಟಿಗೆ, ಅದರೊಳಗಿನ ನನ್ನ ಕೈ ಎಲ್ಲ ಹೋಗಿತ್ತು.

ಅಣ್ಣ ಚಾಳೀಸಿನ ಮೇಲಿಂದ ನೋಡಿ, “ಹೋಗ್ಲಿ ಬಿಡ, ಆಟದ ಕೈ ಅದು” ಎಂದ. ಕೋರ್ಟಿನಲ್ಲಿ ಯಾರ ಮುಂದೆಯೂ ಅಳದ ನನಗೆ ಅಲ್ಲಿ ಅಳು ಬಂತು.

ಮೂಲೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

“ಹೋಗ್ಲಿ ಬಿಡ ಅಂತ ಹೆಂಗ ಅಂತೀ? ಅಕೀದು ಅದು. ಅವತ್ತ ಹಾಲಿಗಿ ಅಕೀನ್ನ ಕರದಾಕಿ ನಾನ. ನೀ ಒಲಿ ಮುಂದ ಕುಂತಿದ್ದಿ, ನಿನ್ನ ಕರೀಲಿಲ್ಲ. ತಪ್ಪು ನಂದೂ ಐತಿ. ಆದ್ರ ಅಕಿ ಬರೂತನಾ ನೀ ಕಾಯಬೇಕಿತ್ತು.”

ಅಣ್ಣ ಪೆನ್ನು ಕೆಳಗಿಟ್ಟ. ಅವ್ವನಿಗೆ ಹಾಲಿನ ಸಮೇತ ನೆನಪಿತ್ತು! ನನ್ನ ಬರಣಿಯ ಪಕ್ಕದಲ್ಲೇ ಅವಳದೂ ಒಂದು ಬರಣಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

“ಗೆದ್ದವ್ರು ಒಂದು ತಗೋಬೇಕಂತಿದ್ರಲ್ಲ ನೀವು?” ಎಂದಳು ಅವ್ವ. “ಇವತ್ತ ನೀ ಗೆದ್ದಿ. ತಗೋವಾ, ಅವಂದು ಏನ ಬೇಕೋ ಒಂದು ತಗೋ.”

ಅಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ತಲೆಯಲ್ಲಿ ಕೂದಲು ಮುಗಿಯುತ್ತಾ ಬಂದಿತ್ತು. ಬಲಗೈಯಲ್ಲಿ ಸದಾ ಸೀಮೆಸುಣ್ಣದ ಬಿರುಕು. ಮೊಣಕಾಲು ಮೆಟ್ಟಿಲು ಹತ್ತುವಾಗ ಸದ್ದು ಮಾಡುತ್ತದಂತೆ. ನನಗೆ ಹೊಂದುವಂಥದ್ದು ಒಂದೂ ಇರಲಿಲ್ಲ. ಕೊನೆಗೆ ಅವನ ಮೂಗಿನ ಮೇಲಿದ್ದ ಚಾಳೀಸು ತೆಗೆದು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದೆ.

ಸಂಜೆ ಅಣ್ಣ ಫೋನ್ ಮಾಡಿದ. “ಪಲ್ಲೂ, ಪೇಪರ ತಿದ್ದಬೇಕು, ಅಕ್ಷರ ಕಾಣವಲ್ವು. ನಿನ್ನ ಕಣ್ಣಿಗಿ ಅದು ಹೊಂದೂದ ಇಲ್ಲಲ್ಲ, ತಗೊಂಡೇನ ಮಾಡ್ತಿ?”

“ಪೆಟ್ಟಿಗೆಯಾಗ ಇಟ್ಟೀನಿ” ಅಂದೆ. “ಇರ್ಲಿ ಬಿಡಣ್ಣಾ. ನಿನ್ನ ತಂಗಿ ಅಲ್ಲೇನು?”