ಮರಿಯಮಬೀ ಮತ್ತೆ ಒಲೆ ಹೂಡಿದ್ದು

ಪೊಲೀಸ್ ಆ್ಯಕ್ಷನ್ ಆಗಿ ಮುಂದಿನ ಮಳೆಗಾಲ ಬರುವವರೆಗೂ ಮರಿಯಮಬೀ ಸೂರಿನ ಕೆಳಗೆ ಬೆಂಕಿ ಹೊತ್ತಿಸಲಿಲ್ಲ. ಬೀದರಿನ ಅಂಚಿನ ನೌಬಾದದಲ್ಲಿ ವೈಜಿನಾಥ ಎಂಬ ರೈತನ ಹಿತ್ತಲಿನಲ್ಲಿ ಒಂದು ಖೋಲಿ ಇತ್ತು. ಹಿಂದೆ ದನದ ಮೇವು ತುಂಬುತ್ತಿದ್ದದ್ದು. ಮೂರು ಕಡೆ ಕಲ್ಲಿನ ಗೋಡೆ, ಮುಂದೆ ಬಿದಿರಿನ ತಟ್ಟಿ, ಮೇಲೆ ಹುಲ್ಲು. ಅಲ್ಲಿ ಅವಳೂ ಅವಳ ಸಣ್ಣ ಮಗಳು ಶಮೀಮಳೂ ಮಲಗುತ್ತಿದ್ದರು. ಅಡುಗೆ ಮಾತ್ರ ಹೊರಗೆ, ಬೇವಿನ ಮರದ ಕೆಳಗೆ ಮೂರು ಕಲ್ಲಿಟ್ಟು.

ಅವಳ ಊರು ಭಾಲ್ಕಿ ಕಡೆಯ ಒಂದು ಹಳ್ಳಿ. ಗಂಡ ಲಾಲ ಅಹ್ಮದ ಹತ್ತಿ ಹಿಂಜುವವನು. ಸುತ್ತಿನ ಯಾವ ಮನೆಯಲ್ಲಿ ಮದುವೆಯಾದರೂ ಗಾದಿ ತುಂಬಲು ಅವನೇ ಬೇಕು. ನಿಜಾಮನ ಪರ ಬಡಿದಾಡಿದ ರಜಾಕಾರರ ಹಾವಳಿಯಲ್ಲಿ ಅವನು ಯಾರ ಹಿಂದೆಯೂ ಹೋಗಲಿಲ್ಲ, ಯಾರ ಎದುರೂ ನಿಲ್ಲಲಿಲ್ಲ. ಪೊಲೀಸ್ ಆ್ಯಕ್ಷನ್ನಿಗೆ ದೆಹಲಿಯ ಫೌಜು ಬಂದು ನಿಜಾಮನ ಆಳ್ವಿಕೆ ಮುಗಿದ ಮೇಲೆ ಹಳ್ಳಿಗಳಲ್ಲಿ ಸೇಡು ತೀರಿಸುವ ಗುಂಪುಗಳು ಎದ್ದವು. ಅವು ಯಾರು ಏನು ಮಾಡಿದ್ದರೆಂದು ಕೇಳಲಿಲ್ಲ.

ಗುಂಪು ಬಂದಾಗ ಮರಿಯಮಬೀ ರೊಟ್ಟಿ ಬಡಿಯುತ್ತಿದ್ದಳು. ಲಾಲ ಅಹ್ಮದನನ್ನು ಅಂಗಳದಿಂದ ಎಳೆದುಕೊಂಡು ಹೋದರು. ಗುಂಪಿನಲ್ಲಿದ್ದ ಅದೇ ಊರಿನ ಮಡೆಪ್ಪ ಒಳಗೆ ಬಂದ. ಅವನ ಮಗಳ ಮದುವೆಯ ಗಾದಿಯನ್ನು ಲಾಲ ಅಹ್ಮದನೇ ತುಂಬಿಕೊಟ್ಟಿದ್ದ. ಮಡೆಪ್ಪ ಬಾಗಿ, ರೊಟ್ಟಿಯ ಹಂಚಿನ ಕೆಳಗಿನಿಂದ ಉರಿಯುವ ಕೊಳ್ಳಿಯೊಂದನ್ನು ಎಳೆದು, ಹುಲ್ಲಿನ ಛಪ್ಪರಕ್ಕೆ ಹಿಡಿದ. ತಾಯಿ ಮಗಳಿಬ್ಬರನ್ನೂ ಹಿಂದಿನ ಬಾಗಿಲಿನಿಂದ ಕರೆದೊಯ್ದು ಜೋಳದ ಕಣಕಿಯ ಬಣವೆಯಲ್ಲಿ ಅಡಗಿಸಿದವಳು ಅದೇ ಮಡೆಪ್ಪನ ಹೆಂಡತಿ. ಮುಂದೆ ಪೊಲೀಸರು ಹೆಸರು ಕೇಳಿದಾಗ ಮರಿಯಮಬೀ ಯಾರ ಗುರುತೂ ಸಿಗಲಿಲ್ಲ ಎಂದಳು. ಲಾಲ ಅಹ್ಮದನ ಹೆಣವೂ ಸಿಗಲಿಲ್ಲ.

ವೈಜಿನಾಥನ ಮನೆಗೂ ಲಾಲ ಅಹ್ಮದ ವರ್ಷಕ್ಕೊಮ್ಮೆ ಹತ್ತಿ ಹಿಂಜಲು ಬರುತ್ತಿದ್ದ. ಆ ನೆನಪಿಗೆ ವೈಜಿನಾಥ ಖೋಲಿ ಬಿಟ್ಟುಕೊಟ್ಟಿದ್ದ. ಅವನ ಹೆಂಡತಿ ಚಂದ್ರಭಾಗಾ ಮಾತ್ರ ಆ ಕಡೆ ಬರುತ್ತಿರಲಿಲ್ಲ. ಮರಿಯಮಬೀ ದನದ ಸಗಣಿ ಬಳಿದು, ಜೋಳ ಕೇರಿಕೊಟ್ಟರೆ ಚಂದ್ರಭಾಗಾ ಕೂಲಿಯ ಕಾಳನ್ನು ಮೊರದಲ್ಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಮುಂಗಾರಿನ ಮಿರಗದ ಮಳೆ ಹಿಡಿಯಿತು. ಬೇವಿನ ಕೆಳಗಿನ ಕಲ್ಲುಗಳ ನಡುವೆ ನೀರು ನಿಂತಿತು. ತಾಯಿ ಮಗಳು ನೆನೆಸಿದ ಕಡಲೆ ತಿಂದರು, ಒದ್ದೆ ಕೌದಿ ಹೊದ್ದರು. ಶಮೀಮಳಿಗೆ ಜ್ವರ ಬಂದು ಕೆಮ್ಮು ಎದೆಗಿಳಿಯಿತು. ಆ ಕೆಮ್ಮು ವೈಜಿನಾಥನ ದೊಡ್ಡ ಮನೆಯವರೆಗೂ ಕೇಳುತ್ತಿತ್ತು. ಒಂದು ಬೆಳಗ್ಗೆ ಚಂದ್ರಭಾಗಾ ತಲೆಯ ಮೇಲೆ ಗೋಣಿ ಹೊದ್ದು ಬಂದು ತಟ್ಟಿ ಸರಿಸಿದಳು.

"ಕೂಸು ನಡಗಾಕತ್ತದ. ಒಳಗ ಒಲಿ ಯಾಕ ಹೂಡಿಲ್ಲ ನೀ?"

"ಬ್ಯಾಡ್ರಿ ಅಕ್ಕಾ. ಮ್ಯಾಲ ಹುಲ್ಲದರಿ."

"ಎಲ್ಲಾರ ಮನಿ ಮ್ಯಾಲೂ ಹುಲ್ಲೇ ಅದ. ಯಾರೂ ಅಡಗಿ ಮಾಡಲ್ಲೇನು?"

ಮರಿಯಮಬೀ ಮಗಳ ಮೇಲಿನ ಕೌದಿ ಸರಿಮಾಡುತ್ತ ಹೇಳಿದಳು. "ನಮ್ಮನಿಗಿ ಬೆಂಕಿ ಹೊರಗಿಂದ ಬರ್ಲಿಲ್ರಿ. ರೊಟ್ಟಿಗಂತ ನಾ ಹಚ್ಚಿದ ಬೆಂಕಿನೇ ಎಳದು ಛಪ್ಪರಕ್ಕ ಇಟ್ರು."

ಚಂದ್ರಭಾಗಾ ಹೊಸ್ತಿಲಲ್ಲೇ ಕುಳಿತಳು. "ಔರಾದ ಕಡಿ ನನ್ನ ತವರಮನಿನೂ ಸುಟ್ಟಾರ. ನಮ್ಮಣ್ಣ ಒಳಗೇ ಇದ್ದ. ಸುಟ್ಟವರು ನಿಮ್ಮ ಮಂದಿ."

"ಗೊತ್ತದರಿ. ಅಂದ್ರೂ ನೀವು ಜಾಗ ಕೊಟ್ರಿ."

"ನಾ ಕೊಡಲಿಲ್ಲ, ಇವ್ರು ಕೊಟ್ರು. ನಿನ್ನ ಮಾರಿ ನೋಡಿದ್ರ ನಂಗ ಈಗೂ ಸಿಟ್ಟು ಬರ್ತದ. ಖರೆ, ಈ ಕೂಸು ಏನು ಮಾಡ್ಯಾದ? ಏಳು, ಮಣ್ಣು ಕಲಸು."

ಮಳೆ ಬಿಟ್ಟ ಹೊತ್ತಿನಲ್ಲಿ ಇಬ್ಬರೂ ಕೆಮ್ಮಣ್ಣು ತಂದು ಹೊಟ್ಟು ಬೆರೆಸಿ ತುಳಿದರು. ಒಲೆಯನ್ನು ತಟ್ಟಿಯ ಹತ್ತಿರ ಹೂಡಲು ಮರಿಯಮಬೀ ಬಿಡಲಿಲ್ಲ. ಹಿಂದಿನ ಕಲ್ಲುಗೋಡೆಗೆ ತಾಗಿಸಿ ಕಟ್ಟಿದರು. ಪಡುವಣ ಗಾಳಿ ಬಾಗಿಲಿನಿಂದ ನುಗ್ಗಿ ಉರಿಯನ್ನು ಹೊರಗೆಳೆಯಬಾರದೆಂದು ಒಲೆಯ ಬಾಯನ್ನು ಅಡ್ಡ ತಿರುಗಿಸಿದರು. ಗೋಡೆಯ ಮೇಲ್ಗಡೆ ಒಂದು ಕಲ್ಲು ಕಿತ್ತು ಹೊಗೆಗೆ ದಾರಿ ಮಾಡಿದರು. ವೈಜಿನಾಥ ಹಳೆಯ ತಗಡೊಂದನ್ನು ತಂದು ಒಲೆಯ ನೇರಕ್ಕೆ ತಂತಿಯಿಂದ ತೂಗುಹಾಕಿದ. ಹುಲ್ಲಿಗೂ ತಗಡಿಗೂ ನಡುವೆ ಗಾಳಿಯಾಡುವಷ್ಟು ಸಂದು ಬಿಟ್ಟ. ತಗಡು ಕಾದರೆ ಹುಲ್ಲು ಹತ್ತಬಾರದು. ಒಲೆಯ ಮುಂದೆ ಹಾಸುಗಲ್ಲು ಹಾಕಿ, ಕಟ್ಟಿಗೆಯನ್ನು ಖೋಲಿಯ ಇನ್ನೊಂದು ಮೂಲೆಗೆ ಒಟ್ಟಿ, ಬಾಗಿಲ ಬಳಿ ನೀರಿನ ಕೊಡ ಇಟ್ಟರು.

"ನಾಕು ದಿನ ಒಣಗ್ಲಿ. ಹಸಿ ಒಲಿಗಿ ದೊಡ್ಡ ಉರಿ ಹಚ್ಚಿದ್ರ ಸೀಳ್ತದ," ಎಂದಳು ಚಂದ್ರಭಾಗಾ. "ಅಲ್ಲೀತನ ಗಂಜಿ ನಮ್ಮ ಮನಿಂದ ಬರ್ತದ."

"ಒಂದು ಬೋಗಣ್ಯಾಗ ಕೆಂಡ ಕೊಡ್ತೀರೇನ್ರಿ? ಆಕಿ ಬಾಜೂಕ ಇಡ್ತೇನಿ," ಎಂದು ಮರಿಯಮಬೀ ಅಳುಕುತ್ತ ಕೇಳಿದಳು.

"ತಟ್ಟಿ ಮುಚ್ಚಿ ಕೆಂಡ ಇಟ್ರ ಅದರ ಹೊಗಿ ಜೀವಾನೇ ತಗೋತದ. ಬ್ಯಾಡ. ಕೂಸಿನ್ನ ನಮ್ಮ ಪಡಸಾಲಿಗಿ ಕರ್ಕೊಂಡು ಬಾ."

ಶಮೀಮ ದೊಡ್ಡ ಮನೆಯ ಪಡಸಾಲೆಯಲ್ಲಿ ಬೆಚ್ಚಗೆ ಮಲಗಿದಳು. ಗಂಜಿ ಕುಡಿದಳು. ಹಕೀಮರು ಬಂದು ಎದೆಗೆ ಎಣ್ಣೆ ತಿಕ್ಕಲು ಹೇಳಿಹೋದರು. ಆದರೆ ಜ್ವರ ಇಳಿಯಲಿಲ್ಲ. ಒಲೆಯ ಅಂಚು ಇನ್ನೂ ಪೂರ್ತಿ ಒಣಗಿರಲಿಲ್ಲ, ಆಗಲೇ ಒಂದು ಮಧ್ಯಾಹ್ನ ತಾಯಿಯ ತೊಡೆಯ ಮೇಲೆ ಕೂಸಿನ ಉಸಿರು ನಿಂತಿತು.

ಕೂಸಿನ ಮೈ ತೊಳೆಯಲು ಓಣಿಯ ಹೆಂಗಸರು ಬಂದರು. ಬಿಸಿನೀರು ಬೇಕಿತ್ತು. ಚಂದ್ರಭಾಗಾ ತನ್ನ ಹಂಡೆಯ ಕಡೆ ಹೊರಟಾಗ ಮರಿಯಮಬೀ ಅವಳ ಸೆರಗು ಹಿಡಿದಳು. "ನನ್ನ ಒಲಿ ಮ್ಯಾಲೇ ಕಾಸ್ತೇನ್ರಿ."

ಚಂದ್ರಭಾಗಾ ಅಟ್ಟದ ಮೇಲಿನಿಂದ ಒಣ ತೊಗರಿ ಕಟ್ಟಿಗೆ ತಂದುಕೊಟ್ಟಳು. ಮರಿಯಮಬೀ ಗೀರಿದ ಮೊದಲ ಕಡ್ಡಿ ಆರಿತು. ಎರಡನೆಯದು ಹತ್ತಿತು. ಅವಳು ತಲೆ ಎತ್ತಿ ತಗಡನ್ನೂ ಹುಲ್ಲನ್ನೂ ನೋಡುತ್ತಲೇ ಕುಳಿತಳು. ಹೊಗೆ ಕಲ್ಲು ಕಿತ್ತ ದಾರಿಯಿಂದ ಹೊರಗೆ ಹೋಯಿತು. ಒಲೆ ಒಂದು ಬದಿಗೆ ಸೀಳಿತು, ಆದರೆ ಬೀಳದೆ ನಿಂತಿತು. ನೀರು ಕಾಯಿತು.

ಕೂಸಿಗೆ ಮಣ್ಣು ಕೊಟ್ಟು ಬಂದ ಮೇಲೆ ಕೆಲವರು, ಹೆಣದ ನೀರು ಕಾಸಿದ ಆ ಒಲೆ ಒಡೆದುಹಾಕು ಎಂದರು. ಅವಳು ಒಡೆಯಲಿಲ್ಲ. ಸೀಳಿದ ಕಡೆ ಮಣ್ಣು ಮೆತ್ತಿ, ಅದರ ಮೇಲೆ ಒಬ್ಬಳಿಗೆ ಬೇಕಾದಷ್ಟು ರೊಟ್ಟಿ ಸುಟ್ಟುಕೊಂಡಳು. ಚಂದ್ರಭಾಗಾ ಆಗಾಗ ಬಂದು ಹೊಸ್ತಿಲಲ್ಲಿ ಕೂರುತ್ತಿದ್ದಳು.

ಮುಂದಿನ ವರ್ಷ ಮಳೆಗೆ ಮುಂಚೆ ಅಂಥದ್ದೇ ಬೆಂಕಿಯಲ್ಲಿ ಮನೆ ಕಳೆದುಕೊಂಡ ಶಾಕಿರಾ ಬೇಗಂ ಎಂಬ ವಿಧವೆ ಎರಡು ಮಕ್ಕಳೊಡನೆ ನೌಬಾದಕ್ಕೆ ಬಂದು, ಗುಡಿಸಲ ಹೊರಗೆ ಕಲ್ಲಿಟ್ಟು ಅಡುಗೆ ಮಾಡುತ್ತಿದ್ದಳು. ಮರಿಯಮಬೀ ಅದನ್ನು ಕಂಡು, ಬುಟ್ಟಿಯಲ್ಲಿ ಕೆಮ್ಮಣ್ಣು ತುಂಬಿಕೊಂಡು ಹೋದಳು. ಒಳಗೆ ಬೆಂಕಿ ಎಂದರೆ ಜೀವ ಹಾರುತ್ತದೆ ಎಂದು ಶಾಕಿರಾ ಅತ್ತಳು.

"ನಂಗೂ ಹಾರ್ತದ. ಈಗೂ," ಎಂದು ಮರಿಯಮಬೀ ಬುಟ್ಟಿ ಇಳಿಸಿ, ಗುಡಿಸಲಿನ ಸೂರನ್ನು ಒಮ್ಮೆ ಸುತ್ತಿ ನೋಡಿದಳು. "ಮಕ್ಕಳಿಗಿ ಕೆಮ್ಮು ಅದ ಏನು?"

ಇಲ್ಲ ಎಂದಳು ಶಾಕಿರಾ.

"ಹಂಗಾದ್ರ ಇವತ್ತೇ ಹೂಡೋಣು. ಮಳಿ ಬರೂದ್ರಾಗ ಒಣಗ್ತದ," ಎಂದು ಮರಿಯಮಬೀ ಮಣ್ಣಿಗೆ ನೀರು ಹಾಕಿದಳು.