ಪಂಖದ ಹಗ್ಗದ ತೂತು

ಮಲೇಷ್ಯಾದ ನಿಲಾಯ್‌ನಿಂದಾಚೆ, ರಬ್ಬರ್ ತೋಟಗಳ ನಡುವಿನ ಆ ಸಣ್ಣ ಪೇಟೆಯಲ್ಲಿ ಕೋರ್ಟು, ಲಾಕಪ್ಪು ಎರಡಕ್ಕೂ ಒಂದೇ ಸೂರು. ಬ್ರಿಟಿಷರು ಕಟ್ಟಿಸಿದ್ದು. ಮುಂದೆ ಕಮಾನಿನ ಜಗಲಿ, ಎತ್ತರದ ಮಾಡು. ಹಿಂದೆ ಕಿಟಕಿಯಿಲ್ಲದ ಖೋಲಿಗಳು. ನಡುಗೋಡೆಯಲ್ಲಿ ಅಂಗೈಯಗಲದ ಒಂದು ತೂತು. ಆ ಕಾಲದಲ್ಲಿ ತೀರ್ಪು ಕೊಡುವ ದೊರೆಯ ತಲೆಯ ಮೇಲೆ ತೂಗುತ್ತಿದ್ದ ಬಟ್ಟೆಯ ಪಂಖದ ಹಗ್ಗ ಆ ತೂತಿನಲ್ಲಿ ಹಾದು ಹೋಗುತ್ತಿತ್ತು. ಆಚೆ ಕೂತು ಎಳೆಯುತ್ತಿದ್ದವನು ಕೈದಿ. ಶಿಕ್ಷೆ ಹೇಳುವವನಿಗೆ ಶಿಕ್ಷೆ ಉಣ್ಣುವವನೇ ಗಾಳಿ ಬೀಸಬೇಕು. ಎಂಥ ನ್ಯಾಯ ನೋಡಿ!

ಐತಪ್ಪ ಪುತ್ತೂರಿನ ಕಡೆಯವನು, ನಿಲಾಯ್‌ನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರು ಸಿಕ್ಕಿಬಿದ್ದಾಗ ಕೋರ್ಟಿನವರು ದುಭಾಷಿಯಾಗಿ ಅವನನ್ನು ಕರೆಸುತ್ತಿದ್ದರು. ಹೇಳಿದ್ದಕ್ಕೆ ಒಂದು ಮಾತು ಸೇರಿಸುವುದಿಲ್ಲ, ಒಂದು ಮಾತು ಬಿಡುವುದಿಲ್ಲ ಎಂದು ಪ್ರಮಾಣ ಮಾಡುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆ ಪ್ರಮಾಣವನ್ನು ಅವನು ಎಂದೂ ಮುರಿದವನಲ್ಲ. ಹೆಂಡತಿ ಸುಮತಿ "ಧರ್ಮರಾಯ ಬಂದ್ರು" ಎಂದು ಛೇಡಿಸುವಳು. ಅವನಿಗೆ ಒಳಗೊಳಗೇ ಖುಷಿ.

ಕೊರೋನಾದ ಮೊದಲ ವರ್ಷ, ಓಡಾಟವೆಲ್ಲ ಬಂದ್ ಆಗಿದ್ದಾಗ ಬೋರಯ್ಯ ಸಿಕ್ಕಿಬಿದ್ದ. ಮಂಡ್ಯ ಕಡೆಯಿಂದ ಹೊಸದಾಗಿ ಬಂದ ಕೂಲಿಯಾಳು; ಕಾರಣವಿಲ್ಲದೆ ರಸ್ತೆಗಿಳಿದ ಎಂಬ ಕೇಸು. ಸೋಂಕಿನ ಭಯಕ್ಕೆ ಅವನನ್ನು ಖೋಲಿಯಲ್ಲೇ ಇಟ್ಟು ವಿಡಿಯೋದಲ್ಲಿ ವಿಚಾರಣೆ. ವಿಡಿಯೋ ಕೈಕೊಟ್ಟಿತು. ಎಲ್ಲರೂ ಪುವಾನ್ ಎನ್ನುವ ಮ್ಯಾಜಿಸ್ಟ್ರೇಟ್ ಅಮ್ಮ ಬೇಸತ್ತು, "ಆ ತೂತಿನಲ್ಲೇ ಕೇಳಿ" ಎಂದರು.

ಐತಪ್ಪ ತೂತಿನ ಬಳಿ ಬಾಗಿದ. "ಯಾಕೆ ಹೊರಗೆ ಹೋದದ್ದು ಮಾರಾಯ? ಕಾರಣ ಇದ್ರೆ ಹೇಳು, ಬಿಟ್ಟುಬಿಡ್ತಾರೆ."

"ಅಣ್ಣೋ, ನಮ್ ರೂಮಲ್ಲಿ ಪ್ರಶಾಂತ ಜ್ವರ ಬಂದು ಮಲಗವ್ನೆ. ಮಾತ್ರೆ ತರಕ್ಕೋಗಿದ್ದೆ. ಅವನ್ಗೆ ಪರ್ಮಿಟ್ ಇಲ್ಲ. ಗೊತ್ತಾದ್ರೆ ಎತ್ತಾಕ್ಕೊಂಡೋಯ್ತಾರೆ, ಈ ಜ್ವರದಲ್ಲಿ ಅವ್ನು ಉಳ್ಯಾಕಿಲ್ಲ. ಹೇಳ್ಬ್ಯಾಡಿ, ನಿಮ್ ದಮ್ಮಯ್ಯ!"

ಹೇಳಿದರೆ ಪ್ರಶಾಂತ ಹೋಗುತ್ತಾನೆ, ಹೇಳದಿದ್ದರೆ ಬೋರಯ್ಯನಿಗೆ ಜೈಲು. ಅತ್ತ ದರಿ, ಇತ್ತ ಪುಲಿ. ಇಡೀ ಕೋರ್ಟಿನಲ್ಲಿ ಕನ್ನಡ ಬಲ್ಲವನು ಐತಪ್ಪನೊಬ್ಬನೇ.

"ಅಷ್ಟುದ್ದ ಮಾತಾಡಿದನಲ್ಲ, ಏನಂತೆ?" ಮ್ಯಾಜಿಸ್ಟ್ರೇಟ್ ಕೇಳಿದರು.

ಪೊಲೀಸರು ಅವನನ್ನೇ ನೋಡುತ್ತಿದ್ದರು.

"ಕಾ... ಕಾರಣ ಏನೂ ಇಲ್ಲವಂತೆ, ಪುವಾನ್. ಬೇಸರಕ್ಕೆ ಸುತ್ತಾಡಲು ಹೋದನಂತೆ. ತಪ್ಪಾಯಿತು ಅನ್ನುತ್ತಾನೆ."

ಮೂರು ತಿಂಗಳು ಜೈಲು. ಅದನ್ನೂ ಐತಪ್ಪನೇ ತೂತಿಗೆ ಬಾಯಿಟ್ಟು ಹೇಳಬೇಕಾಯಿತು. ಹೇಳುವಾಗ ನಾಚಿಕೆಯಿಂದ ಸತ್ತಂತಾಯಿತು.

"ಆಗ್ಲಿ ಬುಡಣ್ಣೋ," ಎಂದ ಬೋರಯ್ಯ. "ಅವನ್ಗೆ ಮಾತ್ರೆ ಯಾರ್ ಕೊಟ್ಟಾರು ಅಂತ ಅಷ್ಟೇಯ."

"ರೂಮು ಎಲ್ಲಿ? ಬೇಗ ಹೇಳು."

"ಮರ ಕುಯ್ಯೋ ಮಿಲ್ ಹಿಂದ್ಗಡೆ, ತಗಡಿನ ಶೆಡ್ಡು."

"ಈಗೇನು ಕೇಳಿದಿರಿ?" ಮ್ಯಾಜಿಸ್ಟ್ರೇಟ್ ತಲೆಯೆತ್ತಿದರು.

"ಊಟ ಆಯಿತಾ ಅಂತ ಕೇಳಿದೆ, ಪುವಾನ್."

ಈ ಸಲ ನಾಲಿಗೆ ತೊದಲಲಿಲ್ಲ.

ಹೊರಗೆ ಬಂದವನು ಜ್ವರದ ಮಾತ್ರೆ ಕೊಂಡು ಬೈಕನ್ನು ಮಿಲ್ಲಿನ ಕಡೆಗೆ ತಿರುಗಿಸಿದ. ಕೋರ್ಟು ಕೊಟ್ಟ ಪಾಸು ಮನೆಗೆ ಹೋಗುವ ದಾರಿಗೆ ಮಾತ್ರ. ಮುಂದಿನ ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದು ನಿಂತಿದ್ದರು. ಹೇಳಬಹುದಾದ ಕಾರಣ ಈಗ ಅವನ ಬಳಿಯೂ ಇರಲಿಲ್ಲ.