ಗಿಟಾರು ಕೇಳಿ ಬಂದ ಚಹಾ

ಬೆಳಿಗ್ಗೆ ಪಕ್ಕದ ಮನೆಯ ಗೌರವ್ವಕಾಕು ಚಹಾದ ಕಿಟ್ಲಿ ಹಿಡಿದು ಸೀದಾ ಒಳಗೆ ಬಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಯಾರು ಹೋದ್ರೋ ತಮ್ಮಾ?" ಎಂದರು.

ನಮ್ಮ ಕರಜಗಿಯಲ್ಲಿ ಸಾವಾದ ಮನೆಯವರು ಒಲೆ ಹೊತ್ತಿಸುವುದಿಲ್ಲ. ಚಹಾ ನೆರೆಮನೆಯಿಂದ ಬರುತ್ತದೆ. ನನ್ನ ಒಲೆಯ ಮೇಲಾದರೋ ಅನ್ನ ಕುದಿಯುತ್ತಿತ್ತು. ನಾನು ಮಾಡಿದ್ದು ಇಷ್ಟೇ: ಅಮೆರಿಕದ ಹಿರಿಯ ಬ್ಲೂಸ್ ಗಿಟಾರ್ ವಾದಕರೊಬ್ಬರು ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ಓದಿ, ಅವರ ಹಾಡನ್ನು ಸ್ಪೀಕರಿನಲ್ಲಿ ಜೋರಾಗಿ ಹಚ್ಚಿದ್ದೆ. ಅವರ ಎಲೆಕ್ಟ್ರಿಕ್ ಗಿಟಾರು ಒಂದೇ ಸ್ವರವನ್ನು ಹಿಡಿದೆಳೆದು ಗೋಳಾಡಿಸುತ್ತಿತ್ತು. ಗೋಡೆಯಾಚೆಗೆ ಕಾಕುವಿಗೆ ಅದು ಅಳುವಾಗಿಯೇ ಕೇಳಿಸಿದೆ.

"ನಮ್ಮವರಲ್ಲ ಕಾಕು, ಅಮೆರಿಕಾದಾಂವ. ಗಿಟಾರ ಬಾರಸ್ತಿದ್ದ."

ಇಷ್ಟಕ್ಕೆ ಅವರು ಕಿಟ್ಲಿ ಹಿಡಿದು ವಾಪಸು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. "ಅದಕ್ಕೂ ಮದಲ ಏನ್ ಮಾಡ್ತಿದ್ದ?" ಎಂದರು.

"ಸಣ್ಣಾಂವ ಇದ್ದಾಗ ಮಂದಿ ಹೊಲದಾಗ ಹತ್ತಿ ಬಿಡಸ್ತಿದ್ದನಂತ."

ಹತ್ತಿ ಬಿಡಿಸಿಯೇ ಮಕ್ಕಳನ್ನು ಸಾಕಿದ ಕಾಕು ಅಲ್ಲೇ ಗೋಡೆಗೊರಗಿ ಕುಳಿತರು. ಹಾಡನ್ನು ಕೊನೆಯವರೆಗೂ ಕೇಳಿದರು. ಆಮೇಲೆ ಚಹಾ ಸುರಿದು ಕೊಟ್ಟು, "ಕುಡಿ, ಆರಿ ಹೋಗ್ತದ" ಎಂದರು.

ದಿನಾ ನಮ್ಮ ಮನೆಯಿಂದ ಏಳುವಾಗ ಕಾಕು "ಬರ್ತೀನೋ ತಮ್ಮಾ" ಎನ್ನುತ್ತಾರೆ. ಸಾವಿನ ಮನೆಯಲ್ಲಿ ಮಾತ್ರ ಆ ಮಾತು ಆಡಬಾರದು. ಅಂದು ಅವರು ಖಾಲಿ ಕಿಟ್ಲಿ ಎತ್ತಿಕೊಂಡು, ಏನೂ ಹೇಳದೆ ಎದ್ದು ಹೋದರು. ನಾನು ಒಳಗೆ ಹೋಗಿ ಒಲೆ ಆರಿಸಿದೆ.